ಆಸನವೂ ಶಯನವೂ: ನೆರೆಯ ಕಾಲದಲ್ಲಿ ಚರ್ಚಿನ ಹೊಣೆ



ಯಾರ ಸ್ಮರಣಾರ್ಥವಾಗಿ ಈ ಉಪನ್ಯಾಸಮಾಲೆ ಏರ್ಪಟ್ಟಿದೆಯೋ ಆ ಪೂಜ್ಯರು ಇತಿಹಾಸದ ಅಧ್ಯಾಪಕರಾಗಿದ್ದರೂ ಲೋಕೋಪಯೋಗಿ ಇಲಾಖೆಯ ಇಂಜಿನಿಯರುಗಳ ಸಹವಾಸವನ್ನು ವಿಶೇಷವಾಗಿ ಅಪೇಕ್ಷಿಸುತ್ತಿದ್ದರೆಂದೂ, ಹಳೆಯ ಕಟ್ಟಡವೊಂದನ್ನು ಕುರಿತು ವಿದ್ಯಾರ್ಥಿಯೊಬ್ಬನು ಪ್ರಬಂಧ ಬರೆದು ತಂದರೆ ‘ಅಳೆದು ನೋಡಿದೆಯೇನಯ್ಯಾ?’ ಎಂದು ಮೊದಲು ಕೇಳುತ್ತಿದ್ದರೆಂದೂ ಅವರ ಶಿಷ್ಯರಿಂದ ಕೇಳಿ ಬಲ್ಲೆ. ಅವರ ಆ ಪ್ರಶ್ನೆಯನ್ನೇ ಇಂದಿನ ವಿಷಯಕ್ಕೂ ಹಾಕಿಕೊಂಡು ಮುಂದುವರಿಯುತ್ತೇನೆ.

ಭೀಕರವಾದ ನೆರೆಯಿಂದ ಮನೆಮಠ ಕಳೆದುಕೊಂಡವರಿಗೆ ಚರ್ಚುಗಳು ಆಶ್ರಯ ಕೊಡಬೇಕೆ ಎಂಬುದು ವಿಷಯ. ಅತಿಥಿಯನ್ನು ಸತ್ಕರಿಸಬೇಕೆಂಬ ಬೈಬಲಿನ ಆದೇಶಗಳು, ನಾಲ್ಕನೆಯ ಶತಮಾನದಲ್ಲಿ ಕಪ್ಪದೋಕ್ಯದ ಸಿಸೇರಿಯ ಪಟ್ಟಣದ ಹೊರವಲಯದಲ್ಲಿ ಸಂತ ಬೆಸಿಲನು ದರಿದ್ರರಿಗೂ ರೋಗಿಗಳಿಗೂ ಕಟ್ಟಿಸಿದ ಆಶ್ರಯಸ್ಥಾನ, ಬಂಧಿಗಳ ವಿಮೋಚನೆಗಾಗಿ ಚರ್ಚಿನ ಬೆಳ್ಳಿಬಂಗಾರದ ಪಾತ್ರೆಗಳನ್ನೇ ಕರಗಿಸಿದ ಮಿಲಾನಿನ ಬಿಷಪ್ ಆಂಬ್ರೋಸನ ವೃತ್ತಾಂತ, ಇವೆಲ್ಲವೂ ಚರ್ಚಿನ ಇತಿಹಾಸವನ್ನು ಹೇಳುವ ಯಾವ ಪುಸ್ತಕದಲ್ಲಿಯೂ ದೊರೆಯುವುವಾದುದರಿಂದ ಅವುಗಳ ಮೇಲೆ ಕಾಲ ಕಳೆಯಲಾರೆ. ಕೊಡಬೇಕು ಎಂಬುದೇ ನನ್ನ ಉತ್ತರ. ಆದರೆ ಆ ಹೊಣೆ ಯಾವ ಮೂಲದಿಂದ ಬಂದಿತು, ಯಾವಾಗ ಪ್ರಾಪ್ತವಾಗುತ್ತದೆ, ಅದರ ವೆಚ್ಚವನ್ನು ಯಾರು ಹೊರಬೇಕು ಎಂಬ ಪ್ರಶ್ನೆಗಳಲ್ಲಿ ನನಗೂ ಅನೇಕ ವಿದ್ವಾಂಸರಿಗೂ ಬಹುಕಾಲದ ಭಿನ್ನಾಭಿಪ್ರಾಯವಿದೆ. ಇಂದಿನ ಮಾತು ಹೆಚ್ಚಾಗಿ ಅದನ್ನು ಕುರಿತದ್ದು.

ಮೊದಲನೆಯ ಪಕ್ಷದವರು ಈ ಹೊಣೆಯನ್ನು ಮಧ್ಯಯುಗದ ಶರಣಾಧಿಕಾರದಿಂದ ಇಳಿಸಿ ತರುತ್ತಾರೆ. ಇಂಗ್ಲೆಂಡಿನ ಡರ್ಹಮ್ ಪಟ್ಟಣದ ಮಹಾದೇವಾಲಯದ ಬಾಗಿಲಿನ ಕಂಚಿನ ಬಳೆಯನ್ನು ಹಿಡಿದು ತಟ್ಟಿದವನಿಗೆ ಅಭಯ ದೊರೆಯುತ್ತಿತ್ತು; ಆದುದರಿಂದ ನೆರೆಗೆ ಸಿಕ್ಕಿದವನಿಗೂ ದೊರೆಯಬೇಕು ಎಂಬುದು ಅವರ ತರ್ಕ. ಕೇಳಲು ಇಂಪಾಗಿದ್ದರೂ ಇದು ನಿಲ್ಲತಕ್ಕ ಮಾತಲ್ಲ. ಅಲ್ಲಿ ಬಾಗಿಲು ತಟ್ಟುತ್ತಿದ್ದವನು ರಾಜದಂಡಕ್ಕೆ ಹೆದರಿ ಓಡಿ ಬಂದ ಅಪರಾಧಿ. ಅವನಿಗೆ ಸಲ್ಲುತ್ತಿದ್ದುದು ಮಿತಕಾಲದ ರಕ್ಷಣೆ. ಇಂಗ್ಲೆಂಡಿನ ಶಾಸನವು 1624ರಲ್ಲಿ ಆ ಅಧಿಕಾರವನ್ನೇ ತೆಗೆದುಹಾಕಿತು. ನೆರೆಸಂತ್ರಸ್ತನನ್ನು ಯಾವ ರಾಜಭಟನೂ ಅಟ್ಟಿಕೊಂಡು ಬರುತ್ತಿಲ್ಲ. ಅವನಿಗೆ ಬೇಕಾದುದು ಒಣನೆಲ, ಬಿಸಿಗಂಜಿ, ಶೌಚಾಲಯ. ಇವುಗಳ ವಂಶವೃಕ್ಷವನ್ನು ಹುಡುಕುವವರು ಶರಣಾಧಿಕಾರವನ್ನು ಬಿಟ್ಟು ಸಂತ ಬೆನೆಡಿಕ್ಟನ ಮಠನಿಯಮಗಳ ಐವತ್ತಮೂರನೆಯ ಅಧ್ಯಾಯವನ್ನು ನೋಡಬೇಕು. ಅತಿಥಿಯನ್ನು ಕ್ರಿಸ್ತನೆಂದೇ ಭಾವಿಸಿ ಬರಮಾಡಿಕೊಳ್ಳಿರಿ ಎಂಬ ಮಾತನ್ನು ಎಲ್ಲರೂ ಉದ್ಧರಿಸುತ್ತಾರೆ. ಅದೇ ಅಧ್ಯಾಯದಲ್ಲಿ ಅತಿಥಿಗಳಿಗೆ ಪ್ರತ್ಯೇಕವಾದ ಅಡಿಗೆಮನೆಯಿರಲಿ, ಹೊತ್ತಲ್ಲದ ಹೊತ್ತಿನಲ್ಲಿ ಬರುವವರಿಂದ ಮಠದ ಸಹೋದರರಿಗೆ ತೊಂದರೆಯಾಗದಿರಲಿ, ಅತಿಥಿಗೃಹದಲ್ಲಿ ಸಾಕಷ್ಟು ಹಾಸಿಗೆಗಳನ್ನು ಹಾಸಿ ಸಿದ್ಧವಾಗಿಟ್ಟಿರಲಿ ಎಂದು ವಿಧಿಸಿರುವುದನ್ನು ಯಾರೂ ಉದ್ಧರಿಸುವುದಿಲ್ಲ. ಅತಿಥಿ ಬರುವುದಕ್ಕೆ ಮುಂಚೆಯೇ ಹಾಸಿಗೆ ಹಾಸಿರಬೇಕೆಂಬ ಆ ವಿಧಿಯೇ ನನ್ನ ವಾದದ ಬೀಜ.

ಇನ್ನು ಆ ಸಿದ್ಧತೆಯಿಲ್ಲದಿದ್ದರೆ ಏನಾಗುತ್ತದೆಂಬುದನ್ನು ನೋಡಲು ಅಮೆರಿಕದ ಟೆಕ್ಸಾಸ್ ರಾಜ್ಯದ ಹ್ಯೂಸ್ಟನ್ ನಗರಕ್ಕೆ ಬರೋಣ. 2017ರ ಆಗಸ್ಟ್ 25ರ ರಾತ್ರಿ ರಾಕ್‌ಪೋರ್ಟ್ ಎಂಬ ಕಡಲೂರಿನ ಬಳಿ ದಡಕ್ಕೆ ಅಪ್ಪಳಿಸಿದ ಹಾರ್ವೆ ಚಂಡಮಾರುತವು ಮುಂದೆ ಸಾಗದೆ ಅಲ್ಲಲ್ಲಿಯೇ ಸುಳಿದಾಡಿ ದಿನಗಟ್ಟಲೆ ಸುರಿಯಿತು. ನೆಡರ್ಲ್ಯಾಂಡ್ ಎಂಬಲ್ಲಿ ಒಟ್ಟು ಮಳೆ 60 ಅಂಗುಲವನ್ನು ಮೀರಿತು. ನಗರದ ಜಾರ್ಜ್ ಆರ್. ಬ್ರೌನ್ ಸಮ್ಮೇಳನ ಭವನದಲ್ಲಿ ಐದು ಸಾವಿರ ಜನರಿಗೆ ವ್ಯವಸ್ಥೆ ಮಾಡಿದ್ದಲ್ಲಿ ಹತ್ತು ಸಾವಿರದಷ್ಟು ಜನ ತುಂಬಿದರು. ಪೀಠೋಪಕರಣದ ವ್ಯಾಪಾರಿಯೊಬ್ಬರು ತಮ್ಮ ಮಳಿಗೆಗಳನ್ನೇ ತೆರೆದು, ಮಾರಾಟಕ್ಕಿಟ್ಟ ಹಾಸಿಗೆಗಳ ಮೇಲೆ ಜನರನ್ನು ಮಲಗಿಸಿದರು, ಮಸೀದಿಗಳು ತೆರೆದುಕೊಂಡವು. ಆದರೆ ಆ ದೇಶದ ಅತಿ ದೊಡ್ಡ ಸಭೆಗಳಲ್ಲೊಂದಾದ ಲೇಕ್‌ವುಡ್ ಚರ್ಚು ಆಗಸ್ಟ್ 27ರ ಭಾನುವಾರ, ತೀವ್ರ ನೆರೆಯ ಕಾರಣ ತಮ್ಮಲ್ಲಿಗೆ ಪ್ರವೇಶ ಅಸಾಧ್ಯವೆಂದು ಪ್ರಕಟಿಸಿ, ಬೇರೆ ಆಶ್ರಯಸ್ಥಾನಗಳ ಕಡೆಗೆ ಬೆರಳು ತೋರಿತು. ಸುತ್ತಲ ರಸ್ತೆ ಒಣಗಿರುವುದನ್ನು ತೋರಿಸುವ ಛಾಯಾಚಿತ್ರಗಳು ಕೂಡಲೆ ಹರಡಿದವು. ಕೆಳಅಂತಸ್ತಿಗೆ ನೀರು ನುಗ್ಗಿದುದನ್ನು ತೋರಿಸುವ ಚಿತ್ರಗಳನ್ನು ಚರ್ಚಿನವರೂ ಹೊರಗಿಟ್ಟರು. ಆ ಚರ್ಚಿನ ಪಾಸ್ಟರ್ ಜೋಯಲ್ ಓಸ್ಟೀನರ ಮೇಲೆ ದೇಶಾದ್ಯಂತ ಛೀಮಾರಿಯ ಮಳೆಗರೆಯಿತು. ಮಂಗಳವಾರ, 29ರಂದು, ಬಾಗಿಲು ತೆರೆಯಿತು. ನಗರಾಡಳಿತ ನಮ್ಮನ್ನು ಮೊದಲು ಕೇಳಿರಲಿಲ್ಲ ಎಂಬುದು ಆಮೇಲಿನ ಸಮಜಾಯಿಷಿ.

ಈ ಪ್ರಸಂಗವನ್ನು ಹೇಳುವವರೆಲ್ಲ ತೀರ್ಪು ಕೊಡುವುದರಲ್ಲಿ ಆತುರರಾಗಿರುತ್ತಾರೆ. ಹದಿನಾರು ಸಾವಿರ ಆಸನಗಳ ಕಟ್ಟಡ, ಆದುದರಿಂದ ಹದಿನಾರು ಸಾವಿರ ಜನರನ್ನು ಸೇರಿಸಬಹುದಿತ್ತು ಎಂಬ ಲೆಕ್ಕವನ್ನು ಗಂಭೀರ ಲೇಖಕರೂ ಬರೆದಿದ್ದಾರೆ. ಅವರಿಗೆ ಮೊದಲು ಹೇಳಿದ ಪೂಜ್ಯ ಅಧ್ಯಾಪಕರ ‘ಅಳೆದು ನೋಡಿದೆಯೇನಯ್ಯಾ?’ ಎಂಬ ಪ್ರಶ್ನೆಯನ್ನು ಕೇಳಬೇಕಾಗುತ್ತದೆ. ಆ ಕಟ್ಟಡ 1975ರಲ್ಲಿ ಬ್ಯಾಸ್ಕೆಟ್‌ಬಾಲ್ ಕ್ರೀಡಾಂಗಣವಾಗಿ ಎದ್ದುದು. ಚರ್ಚು 2005ರಲ್ಲಿ ಅಲ್ಲಿಗೆ ಬಂದು, 2010ರಲ್ಲಿ ಎಪ್ಪತ್ತೈದು ಲಕ್ಷ ಡಾಲರು ಕೊಟ್ಟು ನಗರದಿಂದ ಅದನ್ನು ಕೊಂಡಿತು. ಕ್ರೀಡಾಂಗಣದ ಆಸನಗಳು ಮೆಟ್ಟಿಲು ಮೆಟ್ಟಿಲಾಗಿ ಇಳಿಜಾರಿನಲ್ಲಿ ನೆಲಕ್ಕೆ ಬಿಗಿದವು. ಅವುಗಳ ಮೇಲೆ ಎರಡು ಗಂಟೆ ಕುಳಿತು ಪ್ರವಚನ ಕೇಳಬಹುದು, ಹಸುಗೂಸನ್ನು ಮಲಗಿಸಲಾಗದು. ಮಲಗಲು ಒದಗುವುದು ಸುತ್ತಲ ಮೊಗಸಾಲೆ, ಹಜಾರ ಮತ್ತು ತರಗತಿಯ ಕೋಣೆಗಳು ಮಾತ್ರ. ಆಸನಸಂಖ್ಯೆ ಬೇರೆ, ಶಯನಸಂಖ್ಯೆ ಬೇರೆ.

ಸಣ್ಣ ಚರ್ಚೊಂದನ್ನು ತೆಗೆದುಕೊಂಡರೆ ಈ ಭೇದ ಇನ್ನೂ ಸ್ಪಷ್ಟವಾಗುತ್ತದೆ. ಮೂವತ್ತು ಮೀಟರು ಉದ್ದ, ಹದಿನೈದು ಮೀಟರು ಅಗಲದ ಪ್ರಾರ್ಥನಾಮಂದಿರ. ಒಟ್ಟು 450 ಚದರ ಮೀಟರು. ಒಬ್ಬನಿಗೆ ಮುಕ್ಕಾಲು ಚದರ ಮೀಟರಿನಂತೆ ಹಿಡಿದರೆ ಭಾನುವಾರದ ಪೂಜೆಗೆ ಆರುನೂರು ಜನ ಧಾರಾಳವಾಗಿ ಕುಳಿತಾರು. ವಿಪತ್ಪರಿಹಾರದ ಕೆಲಸದವರು ಪ್ರಮಾಣವೆಂದು ಮಾನ್ಯಮಾಡುವ ಸ್ಫಿಯರ್ ಕೈಪಿಡಿಯು ತಂಗುವವನೊಬ್ಬನಿಗೆ ಕನಿಷ್ಠ 3.5 ಚದರ ಮೀಟರು ಬೇಕೆನ್ನುತ್ತದೆ. ಆಗ 128 ಜನ. ಇಪ್ಪತ್ತು ಜನಕ್ಕೆ ಒಂದರಂತೆ ಏಳು ಶೌಚಾಲಯಗಳೂ ಬೇಕು. ಅಷ್ಟಿರುವ ಸಾಮಾನ್ಯ ಚರ್ಚನ್ನು ನಾನು ನೋಡಿದ್ದು ಕಡಮೆ. ಬೆಂಚುಗಳನ್ನು ನೆಲಕ್ಕೆ ಮೊಳೆ ಹೊಡೆದು ಕೂಡಿಸಿದ್ದರೆ ಈ 128 ಕೂಡ ಸಲ್ಲದು. ಜನರು ಚಾಪೆಯ ಮೇಲೆ ಕುಳಿತು ಪೂಜೆ ಕೇಳುವ ವಾಡಿಕೆಯುಳ್ಳ ಕೇರಳದ ಹಳೆಯ ಸಿರಿಯನ್ ಚರ್ಚುಗಳು ಈ ದೃಷ್ಟಿಯಿಂದ ಪಾಶ್ಚಾತ್ಯ ಮಾದರಿಯ ಭವ್ಯ ಮಂದಿರಗಳಿಗಿಂತ ಆಶ್ರಯಕ್ಕೆ ಯೋಗ್ಯವಾದವು. ಪಕ್ಕದಲ್ಲಿಯೇ ಶಾಲೆಯೂ ಸಭಾಭವನವೂ ಇರುವಲ್ಲಿ ಗರ್ಭಗೃಹದ ಮಾತೇ ಬರುವುದಿಲ್ಲ. ಚರ್ಚಿನ ಬಾಗಿಲು ತೆರೆಯಿರಿ ಎಂದು ಕೂಗುವವರು ಯಾವ ಬಾಗಿಲನ್ನು ಎಂದು ಹೇಳಿದರೆ ಉಪಕಾರವಾದೀತು.

ಬಾಗಿಲನ್ನು ತೆರೆಯಲೇಬಾರದ ಸಂದರ್ಭವೂ ಉಂಟು. 2018ರ ಆಗಸ್ಟಿನ ಮಹಾಪ್ರವಾಹದಲ್ಲಿ ಕೇರಳದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನ ಪರಿಹಾರ ಶಿಬಿರಗಳನ್ನು ಸೇರಿದರು. ನಮ್ಮಲ್ಲಿ ಗಂಜಿಕೇಂದ್ರವೆನ್ನುವಂಥ ಆ ಶಿಬಿರಗಳು ಶಾಲೆ, ಚರ್ಚು, ಮಸೀದಿ, ದೇವಸ್ಥಾನವೆಂಬ ಭೇದವಿಲ್ಲದೆ ನಡೆದವು. ಅದೇ ಪ್ರವಾಹದಲ್ಲಿ ಎರ್ನಾಕುಳಂ ಜಿಲ್ಲೆಯ ಕುತ್ತಿಯತೋಡಿನಲ್ಲಿ ಚರ್ಚಿನ ಕಟ್ಟಡದಲ್ಲಿ ಆಸರೆ ಪಡೆದಿದ್ದವರ ಮೇಲೆ ಅದರ ಭಾಗವೊಂದು ಕುಸಿದು ಆರು ಮಂದಿ ಸತ್ತರು. ಆಶ್ರಯ ಕೊಟ್ಟವರ ಮನಸ್ಸಿನಲ್ಲಿ ಯಾವ ಕೊರತೆಯೂ ಇರಲಿಲ್ಲ. ನೆನೆದ ಗೋಡೆಗೆ ಕೊಟ್ಟವರ ಮನಸ್ಸು ತಿಳಿಯದು. ಹ್ಯೂಸ್ಟನ್ನಿನ ಕಥೆಯನ್ನು ನೂರು ಸಲ ಹೇಳುವ ನೀತಿಬೋಧಕರು ಕುತ್ತಿಯತೋಡಿನ ಹೆಸರನ್ನೆತ್ತಿದ್ದನ್ನು ನಾನು ಕಂಡಿಲ್ಲ. ಅದು ಅವರ ವಾದಕ್ಕೆ ಅನುಕೂಲವಾದ ದೃಷ್ಟಾಂತವಲ್ಲ.

ಹಾಗಾದರೆ ಲೇಕ್‌ವುಡ್ಡಿನವರು ನಿರ್ದೋಷಿಗಳೋ? ಅಲ್ಲ, ಆದರೆ ಅವರ ಮೇಲೆ ಹೊರಿಸಿದ ದೋಷವೊಂದು, ಅವರಲ್ಲಿ ಇದ್ದ ದೋಷ ಮತ್ತೊಂದು. 2001ರ ಆಲಿಸನ್ ಚಂಡಮಾರುತದಲ್ಲಿ ಆ ಕಟ್ಟಡಕ್ಕೆ ನೀರು ನುಗ್ಗಿತ್ತು. ಅನಂತರ ಅಲ್ಲಿ ಪ್ರವಾಹ ತಡೆಯುವ ಬಾಗಿಲುಗಳನ್ನೂ ಹಾಕಿಸಿದ್ದರು. ಎಂದರೆ ನೆರೆ ಬಂದೀತೆಂಬುದು ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಕಟ್ಟಡಕ್ಕೆ ಸಿದ್ಧತೆ ಮಾಡಿದವರು ಜನರಿಗೆ ಮಾಡಲಿಲ್ಲ. ಎಷ್ಟು ಜನ ಮಲಗಬಹುದು, ಹಾಸಿಗೆ ಯಾರ ಬಳಿ ಇದೆ, ಕೀಲಿಕೈ ಯಾರ ಕೈಯಲ್ಲಿದೆ, ನಗರದ ಯಾವ ಅಧಿಕಾರಿಗೆ ತಿಳಿಸಬೇಕು ಎಂಬ ಟಿಪ್ಪಣಿ ಜೂನ್ ತಿಂಗಳಲ್ಲಿಯೇ ಆಫೀಸಿನ ಕಡತದಲ್ಲಿ ಇದ್ದಿದ್ದರೆ, ಆಗಸ್ಟಿನ ಭಾನುವಾರ ಒಂದು ಹೇಳಿಕೆ, ಮಂಗಳವಾರ ಇನ್ನೊಂದು ನಡತೆ ಎಂಬಂತಾಗುತ್ತಿರಲಿಲ್ಲ. ನಗರ ನಮ್ಮನ್ನು ಕೇಳಲಿಲ್ಲ ಎಂಬ ಉತ್ತರ ಬೆನೆಡಿಕ್ಟನ ಅತಿಥಿಗೃಹದಲ್ಲಿ ನಡೆಯುತ್ತಿರಲಿಲ್ಲ.

ಈಗ ಎರಡನೆಯ ಪಕ್ಷ. ನನಗೆ ಹೆಚ್ಚು ಜಗಳವಿರುವುದು ಇವರೊಡನೆ. ಚರ್ಚುಗಳು ತೆರಿಗೆ ಕೊಡುವುದಿಲ್ಲ. ಆದುದರಿಂದ ಆಶ್ರಯವು ಸಮಾಜಕ್ಕೆ ಅವು ತೀರಿಸಬೇಕಾದ ಸಾಲ ಎಂಬುದು ಇವರ ಮತ. ಹಾರ್ವೆಯ ಸಮಯದಲ್ಲಿ ಈ ಮಾತು ಮನೆಮಾತಾಯಿತು. ನಮ್ಮ ದೇಶದಲ್ಲಿಯೂ ಮಠಮಂದಿರಗಳನ್ನು ಕುರಿತು ಇದನ್ನು ಆಡುವವರಿದ್ದಾರೆ. ಅಮೆರಿಕದ ಕಾನೂನಿನಲ್ಲಿ ಇದಕ್ಕೆ ಆಧಾರವಿಲ್ಲ. 1970ರ ವಾಲ್ಜ್ ಮೊಕದ್ದಮೆಯಲ್ಲಿ ಚರ್ಚುಗಳ ತೆರಿಗೆ ವಿನಾಯಿತಿಯನ್ನು ಎತ್ತಿಹಿಡಿದ ಸರ್ವೋಚ್ಚ ನ್ಯಾಯಾಲಯವು, ಚರ್ಚುಗಳು ಮಾಡುವ ಸಮಾಜಸೇವೆಯನ್ನು ಆ ವಿನಾಯಿತಿಗೆ ಆಧಾರವಾಗಿ ಹಿಡಿಯಬೇಕಾದ ಅಗತ್ಯವಿಲ್ಲವೆಂದು ಬುದ್ಧಿಪೂರ್ವಕವಾಗಿಯೇ ಹೇಳಿತು. ಕಾರಣ ಸೂಕ್ಷ್ಮವಾದುದು: ಸೇವೆಯ ಬೆಲೆಯೆಂದು ವಿನಾಯಿತಿ ಕೊಟ್ಟರೆ ಯಾವ ಚರ್ಚು ಎಷ್ಟು ಸೇವೆ ಮಾಡಿತೆಂದು ಸರ್ಕಾರ ವರ್ಷವರ್ಷವೂ ತೂಗಿ ನೋಡಬೇಕಾಗುತ್ತದೆ, ತೂಗುವವನೇ ಕಾಲಕ್ರಮದಲ್ಲಿ ಯಜಮಾನನಾಗುತ್ತಾನೆ. ಈ ವಾದದವರು ಇನ್ನೊಂದನ್ನೂ ಮರೆಯುತ್ತಾರೆ. ಆಶ್ರಯವು ಸಾಲವಾದರೆ ತೆರಿಗೆ ತೆತ್ತ ಚರ್ಚು ಬಾಗಿಲು ಮುಚ್ಚಿಕೊಳ್ಳಬಹುದಾಯಿತು! ಸುವಾರ್ತೆಯಲ್ಲಿ ಅಂಥ ರಿಯಾಯಿತಿ ಎಲ್ಲಿದೆಯೋ ಅವರೇ ತೋರಿಸಬೇಕು.

ವೆಚ್ಚದ ಪ್ರಶ್ನೆ ಇದಕ್ಕೆ ಹೆಣೆದುಕೊಂಡಿದೆ. ಬಹು ಜನರಿಗೆ ತಿಳಿಯದ ಸಂಗತಿಯಾದುದರಿಂದ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. ಫೆಮಾ ಎಂದು ಕರೆಯಲ್ಪಡುವ ಅಮೆರಿಕದ ಕೇಂದ್ರ ವಿಪತ್ತು ಸಂಸ್ಥೆಯು 2005ರ ಕತ್ರೀನಾ ಚಂಡಮಾರುತದ ತರುವಾಯ, ಸರ್ಕಾರದ ಕೋರಿಕೆಯ ಮೇಲೆ ಆಶ್ರಯ ಕೊಟ್ಟ ಧಾರ್ಮಿಕ ಸಂಸ್ಥೆಗಳಿಗೆ ಅದರ ಖರ್ಚನ್ನು ತುಂಬಿಕೊಡುವುದಾಗಿ ಹೇಳಿತು. ಧರ್ಮವನ್ನೂ ರಾಜ್ಯವನ್ನೂ ಬೇರೆಬೇರೆಯಾಗಿಡಬೇಕೆನ್ನುವವರು ಅದನ್ನು ಖಂಡಿಸಿದರು. ಆದರೆ ಅದೇ ಚರ್ಚಿನ ಮಾಡು ಹಾರಿಹೋದರೆ ಆಗ ರಿಪೇರಿಗೆ ಹಣವಿರಲಿಲ್ಲ. ಏಕೆಂದರೆ ಖಾಸಗಿ ಲಾಭರಹಿತ ಸಂಸ್ಥೆಗಳ ಪೈಕಿ ಮುಖ್ಯವಾಗಿ ಧಾರ್ಮಿಕ, ರಾಜಕೀಯ ಅಥವಾ ಕ್ರೀಡಾಸಂಬಂಧವಾದ ಉಪಯೋಗಕ್ಕಿರುವ ಕಟ್ಟಡಗಳನ್ನು ನಿಯಮವು ಹೊರಗಿಟ್ಟಿತ್ತು. 2017ರ ಸೆಪ್ಟೆಂಬರಿನಲ್ಲಿ ಟೆಕ್ಸಾಸಿನ ಮೂರು ಸಣ್ಣ ಚರ್ಚುಗಳು ಇದನ್ನು ಪ್ರಶ್ನಿಸಿ ನ್ಯಾಯಾಲಯಕ್ಕೆ ಹೋದವು. ಅವುಗಳಲ್ಲೊಂದಾದ ಹೈವೇ ಟ್ಯಾಬರ್ನೇಕಲ್, ತಾನೇ ನೆರೆಯಲ್ಲಿ ಹಾನಿಗೊಂಡಿದ್ದರೂ ಸಂತ್ರಸ್ತರಿಗೆ ತಂಗುದಾಣವಾಗಿ, ಸರ್ಕಾರದ ಊಟದ ಪೊಟ್ಟಣಗಳನ್ನು ಹಂಚುವ ಕೇಂದ್ರವಾಗಿ ದುಡಿದಿತ್ತು. ಸರ್ಕಾರಕ್ಕೆ ಆ ಕಟ್ಟಡ ಊಟ ಹಂಚುವಾಗ ಸಾರ್ವಜನಿಕವಾಗಿತ್ತು, ರಿಪೇರಿ ಬೇಡುವಾಗ ಧಾರ್ಮಿಕವಾಯಿತು.

ಈ ಸಂಗತಿಯಲ್ಲಿ ಕಟ್ಟುನಿಟ್ಟಿನ ಪ್ರತ್ಯೇಕತಾವಾದಿಗಳ ವಾದವನ್ನು ನಾನು ಲಘುವಾಗಿ ಕಾಣುವುದಿಲ್ಲ. ಒಬ್ಬ ನಾಸ್ತಿಕನ ತೆರಿಗೆಯ ಹಣದಿಂದ ಪೂಜಾವೇದಿಯನ್ನು ಕಟ್ಟಿಸಬಾರದೆಂಬುದು ಗೌರವಕ್ಕೆ ಅರ್ಹವಾದ ಮಾತು. ಆದರೆ ಹಣ ಕೊಡುವ ರಾಜ್ಯ ಪೂಜಾವೇದಿಗೆ ಕೊಡುತ್ತಿರುವುದೋ, ತಾನು ಎರವಲು ಪಡೆದ ಸೂರಿಗೆ ಕೊಡುತ್ತಿರುವುದೋ ಎಂಬುದನ್ನು ಅವರು ವಿಂಗಡಿಸುವುದಿಲ್ಲ. 2018ರ ಜನವರಿಯಲ್ಲಿ ಫೆಮಾ ತನ್ನ ನಿಯಮವನ್ನು ಬದಲಾಯಿಸಿತು. ಫೆಬ್ರವರಿಯಲ್ಲಿ ಅಮೆರಿಕದ ಸಂಸತ್ತು ಅದನ್ನು ಶಾಸನವಾಗಿಸಿತು. ಇಷ್ಟಾದರೂ ಒಂದು ವೈಚಿತ್ರ್ಯ ಉಳಿಯಿತು: ಆಶ್ರಯ ಕೊಟ್ಟ ಚರ್ಚಿಗೂ ಕೊಡದ ಚರ್ಚಿಗೂ ರಿಪೇರಿಯ ಅರ್ಹತೆ ಒಂದೇ. ಇದು ಅನ್ಯಾಯವೆಂದು ಕೆಲವರು ಬರೆದಿದ್ದಾರೆ. ನನಗೆ ಹಾಗೆ ತೋರುವುದಿಲ್ಲ. ಹಣದ ಆಸೆಗೆ ತೆರೆಯುವ ಬಾಗಿಲು ತೆರಿಗೆಯ ಸಾಲಕ್ಕೆ ತೆರೆಯುವ ಬಾಗಿಲಿನ ಸೋದರಿಯೇ. ನಾನು ಕೇಳುವುದು ಬೇರೆ: ಮಳೆಗಾಲಕ್ಕೆ ಮುಂಚೆಯೇ ಆಶ್ರಯಸ್ಥಾನವೆಂದು ಹೆಸರು ಬರೆಸಿದ ಪ್ರತಿಯೊಂದು ಚರ್ಚಿನ ಗೋಡೆ, ಮಾಡು, ನೆಲದ ಎತ್ತರಗಳನ್ನು ಸರ್ಕಾರದ ಇಂಜಿನಿಯರು ಸರ್ಕಾರದ ಖರ್ಚಿನಲ್ಲಿ ಪರೀಕ್ಷಿಸಿ ಬರೆದುಕೊಡಲಿ. ಕುತ್ತಿಯತೋಡಿನಂಥ ಕಡೆ ಬೇಕಾಗಿದ್ದುದು ಅಂಥ ಪರೀಕ್ಷೆ.

ಕೊನೆಯದಾಗಿ, ಭಕ್ತರಲ್ಲಿಯೇ ಕೆಲವರು ಎತ್ತುವ ಆಕ್ಷೇಪ. ಪವಿತ್ರಸ್ಥಾನದಲ್ಲಿ ಒದ್ದೆ ಬಟ್ಟೆ, ಅಡಿಗೆಯ ಹೊಗೆ, ಮಕ್ಕಳ ಮಲಮೂತ್ರ. ಪೂಜೆ ಎಲ್ಲಿ ನಡೆಯಬೇಕು? ಇದನ್ನು ಹಾಸ್ಯಮಾಡಿ ತಳ್ಳಿಹಾಕುವ ನಾಗರಿಕ ಲೇಖಕರ ಬಗೆಗೆ ನನಗೆ ಸಹಾನುಭೂತಿಯಿಲ್ಲ. ಪೂಜೆ ನಿಂತುಹೋದ ಚರ್ಚು ಬಹುಕಾಲ ಗಂಜಿಯನ್ನೂ ಬೇಯಿಸಲಾರದು. ಆದರೆ ಉತ್ತರ ಕಷ್ಟದ್ದಲ್ಲ. 2018ರ ಆ ನೆರೆಯಲ್ಲಿಯೇ ತ್ರಿಶೂರು ಜಿಲ್ಲೆಯ ಮಾಳದ ಬಳಿ ಮಸೀದಿಯೊಂದು ನೀರಿನಲ್ಲಿದ್ದಾಗ ಪಕ್ಕದ ಎರವತ್ತೂರಿನ ದೇವಸ್ಥಾನದವರು ತಮ್ಮ ಸಭಾಭವನವನ್ನು ಬಕ್ರೀದಿನ ನಮಾಜಿಗೆ ತೆರೆದುಕೊಟ್ಟರು. ಪರರ ಪ್ರಾರ್ಥನೆಗೆ ಅಲ್ಲಿ ಸ್ಥಳ ದೊರೆತಿರುವಾಗ, ಒಂದು ಚರ್ಚಿನವರು ತಮ್ಮ ಪ್ರಾರ್ಥನೆಯನ್ನು ನಾಲ್ಕು ಭಾನುವಾರ ಶಾಲೆಯ ಜಗುಲಿಗೋ ನೆರೆಯೂರಿನ ಇಗರ್ಜಿಗೋ ಸಾಗಿಸಬಲ್ಲರು. ಎಲ್ಲಿಗೆ ಸಾಗಿಸುವುದೆಂಬುದನ್ನೂ ಮೊದಲು ಹೇಳಿದ ಆಫೀಸಿನ ಕಡತದಲ್ಲಿಯೇ, ಕೀಲಿಕೈ ಇಟ್ಟುಕೊಂಡವನ ಹೆಸರಿನ ಕೆಳಗೆ, ಮೇ ತಿಂಗಳು ಮುಗಿಯುವುದರೊಳಗೆ ಬರೆದಿಟ್ಟಿರಬೇಕು.