ಊರಿಗೊಂದು ಸುದ್ದಿ ಹಾಳೆ

(ಸಂಘದ ರಜತ ಮಹೋತ್ಸವದ ಅಂಗವಾಗಿ ನಡೆದ ಸದಸ್ಯರ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ನಮ್ಮ ಹಾಲು ಉತ್ಪಾದಕರ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ನಮಗೆ ಮಾತನಾಡಲು ಕೊಟ್ಟಿರುವ ವಿಷಯ 'ನೆರೆಹೊರೆಯ ಬಾಂಧವ್ಯ ಮತ್ತು ಊರಿನ ಸುದ್ದಿಪತ್ರ'. ಹಾಲಿನ ಸಂಘಕ್ಕೂ ಸುದ್ದಿಪತ್ರಕ್ಕೂ ಏನು ಸಂಬಂಧ ಅಂತ ನಿಮ್ಮಲ್ಲಿ ಕೆಲವರು ಕೇಳಬಹುದು. ಸಂಬಂಧ ಇದೆ. ಅದನ್ನು ನಾಲ್ಕು ಮಾತಿನಲ್ಲಿ ಹೇಳಲು ಪ್ರಯತ್ನಿಸುತ್ತೇವೆ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕು ತಾಲ್ಲೂಕು ಸೇರಿ 2007ರಲ್ಲಿ ರಾಮನಗರ ಜಿಲ್ಲೆ ಆಯಿತು. 2025ರಲ್ಲಿ ಸರ್ಕಾರ ಅದರ ಹೆಸರನ್ನು ಬೆಂಗಳೂರು ದಕ್ಷಿಣ ಜಿಲ್ಲೆ ಎಂದು ಬದಲಿಸಿತು. ಹೆಸರು ಏನೇ ಇರಲಿ, ಬೆಂಗಳೂರು ನಮ್ಮ ಹಿತ್ತಿಲಿಗೆ ಬಂದಿರುವುದಂತೂ ನಿಜ. ನಮ್ಮ ಮಕ್ಕಳು ಬೆಳಗಾಗುವ ಮುಂಚೆ ಕಂಪನಿ ಬಸ್ಸು ಹತ್ತಿ ಬಿಡದಿಗೋ ಹಾರೋಹಳ್ಳಿಗೋ ಹೋಗುತ್ತಾರೆ, ರಾತ್ರಿ ಪಾಳಿ ಮುಗಿಸಿ ಬಂದು ಹಗಲು ಮಲಗುತ್ತಾರೆ. ಕೆಲವರು ಜಮೀನು ಮಾರಿದರು. ಕೊಂಡವರು ಯಾರೋ, ಬೇಲಿ ಹಾಕಿ ಹೋದರು. ಊರಾಚೆಗೆ ಲೇಔಟುಗಳಾದವು, ಬಾಡಿಗೆಗೆ ಹೊಸಬರು ಬಂದರು. ಹಿಂದೆ ಒಂದು ಮನೆಯ ಒಲೆ ಹೊತ್ತಿಲ್ಲ ಅಂದರೆ ಪಕ್ಕದ ಮನೆಯವರಿಗೆ ಗೊತ್ತಾಗುತ್ತಿತ್ತು. ಊರಿಗೆಲ್ಲ ಹೇಳಬೇಕಾದ್ದನ್ನು ತಮಟೆ ಬಡಿದು ಸಾರುತ್ತಿದ್ದರು. ಉಳಿದದ್ದು ಅರಳಿಕಟ್ಟೆಯ ಮೇಲೆ ತಾನಾಗಿಯೇ ಹರಡುತ್ತಿತ್ತು. ಈಗ ಕಟ್ಟೆ ಇದೆ, ಕೂರುವವರಿಗೆ ಪುರುಸೊತ್ತಿಲ್ಲ.

ಇದನ್ನು ದೂರುವುದಕ್ಕಾಗಿ ಹೇಳುತ್ತಿಲ್ಲ. ಮಕ್ಕಳು ದುಡಿಯಲಿ, ಊರು ಬೆಳೆಯಲಿ. ಆದರೆ ಸುದ್ದಿ ಮುಟ್ಟದೆ ಹೋದರೆ ಬರೀ ಬೇಜಾರಲ್ಲ, ಕೈಯಿಂದ ದುಡ್ಡೇ ಹೋಗುತ್ತದೆ ಎನ್ನುವುದನ್ನು ನಾವು ಮನಗಾಣಬೇಕು. ರೇಷ್ಮೆಯ ಉದಾಹರಣೆಯನ್ನೇ ತೆಗೆದುಕೊಳ್ಳಿ.

ನಮ್ಮ ಕಡೆ ಹಸು ಕಟ್ಟಿರುವ ಎಷ್ಟೋ ಮನೆಯವರು ಹುಳುವನ್ನೂ ಮೇಯಿಸುತ್ತಾರೆ. ರಾಮನಗರದ ಗೂಡಿನ ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡದೆಂದು ಹೆಸರಾಗಿದ್ದರೆ ಅದಕ್ಕೆ ಕಾರಣ ಇಂಥ ಮನೆಗಳೇ. ಮೊಟ್ಟೆ ಒಡೆದು ಹುಳು ಹಣ್ಣಾಗುವುದಕ್ಕೆ ಸುಮಾರು 25ರಿಂದ 28 ದಿನ. ನಾಲ್ಕು ಜ್ವರ ದಾಟಿ, ಸೊಪ್ಪು ಹೊರೆಹೊರೆಯಾಗಿ ತಿಂದು, ಇನ್ನೇನು ಚಂದ್ರಿಕೆಗೆ ಬಿಡಬೇಕು ಅನ್ನುವಾಗ ರೋಗ ಬಿತ್ತು ಅಂದರೆ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂದ ಹಾಗೆ. ಸಾಲ ಮಾಡಿ ಸೊಪ್ಪು ಕೊಂಡವರ ಗತಿ ಕೇಳುವುದೇ ಬೇಡ.

ರೋಗ ಬಂದ ಮನೆಯವರು ಸಾಮಾನ್ಯವಾಗಿ ಏನು ಮಾಡುತ್ತಾರೆ? ಬಾಯಿ ಬಿಡುವುದಿಲ್ಲ. ಮನೆಗೆ ದೃಷ್ಟಿಯಾಯಿತು, ಮೈಲಿಗೆಯಾಯಿತು ಅಂತ ಜನ ಆಡಿಕೊಂಡಾರು ಎಂಬ ಅಂಜಿಕೆ. ಸತ್ತ ಹುಳುವನ್ನು ಕತ್ತಲಲ್ಲಿ ತಿಪ್ಪೆಗೆ ಎಸೆದು ಸುಮ್ಮನಾಗುತ್ತಾರೆ. ಸುಣ್ಣಕಟ್ಟು ರೋಗ ಶಿಲೀಂಧ್ರದಿಂದ ಬರುವಂಥದ್ದು. ಸತ್ತ ಹುಳುವಿನ ಮೈಮೇಲಿನ ಬಿಳಿ ಪುಡಿ ಗಾಳಿಯಲ್ಲಿ ಹಾರಿ ಪಕ್ಕದ ಮನೆಯ ತಟ್ಟೆಗೆ ಹೋಗುತ್ತದೆ. ಊಜಿ ನೊಣದ ಕಥೆಯೂ ಇಷ್ಟೆ. 1980ರಲ್ಲಿ ಕರ್ನಾಟಕಕ್ಕೆ ಕಾಲಿಟ್ಟ ಈ ನೊಣ ಹುಳುವಿನ ಮೈಮೇಲೆ ಮೊಟ್ಟೆ ಇಡುತ್ತದೆ. ಮರಿ ಒಳಗೊಳಗೇ ತಿಂದು, ಗೂಡು ತೂತು ಮಾಡಿ ಹೊರಗೆ ಬರುತ್ತದೆ. ತೂತಾದ ಗೂಡಿಗೆ ಮಾರುಕಟ್ಟೆಯಲ್ಲಿ ಬೆಲೆ ಇಲ್ಲ. ಹತ್ತು ಮನೆಯವರು ಕಿಟಕಿಗೆ ಬಲೆ ಹಾಕಿ, ಒಂದು ಮನೆಯವರು ಹಾಕದೆ ಬಿಟ್ಟರೆ ಆ ಒಂದು ಮನೆಯಲ್ಲಿ ಹುಟ್ಟಿದ ನೊಣ ಊರಿಗೆಲ್ಲ ಸಾಕು.

ಇನ್ನು ಮಾವಿನ ತೋಟದವರು. ಹೂ ಬಿಡುವ ಕಾಲದಲ್ಲಿ ಜಿಗಿಹುಳುವಿಗೆ ಔಷಧಿ ಹೊಡೆಯಲೇಬೇಕು, ಅವರದು ತಪ್ಪಲ್ಲ. ಆದರೆ ಗಾಳಿ ಬೀಸಿದ ಕಡೆಗೆ ಹಿಪ್ಪುನೇರಳೆ ಇದ್ದರೆ ಆ ಸೊಪ್ಪು ತಿಂದ ಹುಳು ಉಳಿಯುವುದಿಲ್ಲ. ಆಮೇಲೆ ಇಬ್ಬರಿಗೂ ಜಗಳ, ಪಂಚಾಯ್ತಿ, ಕೆಲವು ಸಲ ಪೊಲೀಸ್ ಠಾಣೆ. ನಾಲ್ಕು ದಿನ ಮುಂಚೆ 'ಇಂಥ ದಿನ ಔಷಧಿ ಹೊಡೆಯುತ್ತೇವೆ' ಅಂತ ಹೇಳಿದ್ದರೆ ಸೊಪ್ಪಿನವರು ಮೊದಲೇ ಕೊಯ್ದಿಟ್ಟುಕೊಳ್ಳುತ್ತಿದ್ದರು. ಅಥವಾ ಹುಳು ಹಣ್ಣಾಗುವ ತನಕ ತಡೆಯಿರಿ ಅಂತ ಕೇಳಿಕೊಳ್ಳುತ್ತಿದ್ದರು. ಒಂದು ಸಾಲಿನ ಸುದ್ದಿ ಇಲ್ಲದೆ ಎರಡು ಮನೆಯ ನಡುವೆ ವರ್ಷಗಟ್ಟಲೆ ಮಾತು ನಿಂತುಹೋಗುತ್ತದೆ.

ಹಾಲಿನ ವಿಷಯದಲ್ಲೂ ಇದನ್ನು ಕಂಡಿದ್ದೇವೆ. 2022ರಲ್ಲಿ ದನಗಳಿಗೆ ಚರ್ಮಗಂಟು ರೋಗ ಬಂದಾಗ, ಆ ಹಸುವಿನ ಹಾಲು ಕುಡಿದರೆ ಮನುಷ್ಯರಿಗೂ ಅಂಟುತ್ತದೆ ಎಂಬ ಗಾಳಿಮಾತು ಫೋನಿನಿಂದ ಫೋನಿಗೆ ಹಾರಿತು. ಆ ರೋಗ ಮನುಷ್ಯರಿಗೆ ಬರುವುದಿಲ್ಲ, ಕಾಯಿಸಿದ ಹಾಲಿಗೆ ಅಂಜಬೇಕಾಗಿಲ್ಲ ಅಂತ ತಿಳಿದವರು ಹೇಳಿದರೂ ಆ ಮಾತು ಸುಳ್ಳಿನಷ್ಟು ಬೇಗ ಓಡಲಿಲ್ಲ. ಪಶುವೈದ್ಯರ ಮಾತನ್ನು ಅಚ್ಚು ಹಾಕಿಸಿ ಮನೆಮನೆಗೆ ಮುಟ್ಟಿಸುವ ಒಂದು ಹಾಳೆ ಊರಿನಲ್ಲಿದ್ದರೆ ಅದಕ್ಕೊಂದು ತೂಕ ಇರುತ್ತದೆ.

ಇಂಥ ಕೆಲಸ ನಮ್ಮ ನಾಡಿಗೆ ಹೊಸದೇನಲ್ಲ. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಅವರು ಹೊರಡಿಸಿದ 'ಮಂಗಳೂರು ಸಮಾಚಾರ' ಕನ್ನಡದ ಮೊದಲ ಪತ್ರಿಕೆ. ಕಲ್ಲಚ್ಚಿನಲ್ಲಿ ಮುದ್ರಿಸಿದ ಆ ಪುಟ್ಟ ಪತ್ರಿಕೆಯಲ್ಲೂ ಊರ ವರ್ತಮಾನಕ್ಕೆ ಜಾಗವಿತ್ತು. ಇತ್ತೀಚಿನದು ಬೇಕೆಂದರೆ ಪುತ್ತೂರಿನ 'ಅಡಿಕೆ ಪತ್ರಿಕೆ' ಇದೆ. 1988ರಲ್ಲಿ ಅಡಿಕೆ ಬೆಳೆಗಾರರೇ ಸೇರಿ ಆರಂಭಿಸಿದ ಮಾಸಪತ್ರಿಕೆ ಅದು. ಶ್ರೀ ಪಡ್ರೆಯವರು ಮತ್ತು ಅವರ ಗೆಳೆಯರು ಕೃಷಿಕರ ಕೈಗೆ ಲೇಖನಿ ಕೊಡಬೇಕು ಅಂತ ಹೊರಟರು, ಶಿಬಿರ ನಡೆಸಿ ರೈತರಿಗೆ ಬರೆಯುವುದನ್ನು ಕಲಿಸಿದರು. ಗುದ್ದಲಿ ಹಿಡಿದವರೇ ತಮ್ಮ ತೋಟದ ಅನುಭವ ಬರೆದರು, ಓದಿದ ರೈತರು ಬರೆದ ರೈತರನ್ನು ಹುಡುಕಿಕೊಂಡು ಹೋದರು. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ 2003ರಲ್ಲಿ 'ನಮ್ಮ ಧ್ವನಿ' ಶುರುವಾದಾಗ ಊರಿನವರು ರೇಡಿಯೋ ಕೇಂದ್ರ ನಡೆಸಲು ಸರ್ಕಾರದ ಅನುಮತಿ ಇರಲಿಲ್ಲ. ಅವರು ಕೇಬಲ್ ತಂತಿಯ ಮೂಲಕವೇ ಮನೆಮನೆಗೆ ದನಿ ಮುಟ್ಟಿಸಿದರು. ಸಂಘ ಸಂಸ್ಥೆಗಳು ಸಮುದಾಯ ರೇಡಿಯೋ ನಡೆಸಬಹುದೆಂಬ ನೀತಿ ಬಂದದ್ದು ಆಮೇಲೆ, 2006ರಲ್ಲಿ. ಮನಸ್ಸಿದ್ದವರಿಗೆ ದಾರಿ ಸಿಕ್ಕೇ ಸಿಗುತ್ತದೆ.

ಸಹಕಾರ ತತ್ವದಲ್ಲೂ ಇದಕ್ಕೆ ಆಧಾರವಿದೆ. ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘದ ಬೀಜ ಬಿತ್ತಿದ ನಾಡು ನಮ್ಮದು. 1995ರಲ್ಲಿ ಮ್ಯಾಂಚೆಸ್ಟರ್ ನಗರದಲ್ಲಿ ಅಂತರರಾಷ್ಟ್ರೀಯ ಸಹಕಾರ ಒಕ್ಕೂಟ ಒಪ್ಪಿಕೊಂಡ ಏಳು ತತ್ವಗಳಲ್ಲಿ ಐದನೆಯದು ಶಿಕ್ಷಣ, ತರಬೇತಿ ಮತ್ತು ಮಾಹಿತಿ, ಏಳನೆಯದು ಸಮುದಾಯದ ಬಗ್ಗೆ ಕಾಳಜಿ. ಹಾಲು ಅಳೆದು ಬಟವಾಡೆ ಮಾಡಿದ ಮಾತ್ರಕ್ಕೆ ಸಂಘದ ಕೆಲಸ ಮುಗಿಯಲಿಲ್ಲ ಅಂತ ಇದರ ಅರ್ಥ.

ಹಂಚುವ ವಿಷಯಕ್ಕೆ ಬಂದರೆ ನಮ್ಮ ಡೈರಿಗೆ ಇರುವ ಅನುಕೂಲ ಊರಿನ ಬೇರೆ ಯಾವ ಕಚೇರಿಗೂ ಇಲ್ಲ. ಬೆಳಿಗ್ಗೆ ಒಂದು ಸಲ, ಸಾಯಂಕಾಲ ಒಂದು ಸಲ, ಹಾಲು ಹಾಕುವ ಪ್ರತಿ ಮನೆಯಿಂದಲೂ ಒಬ್ಬರು ಕ್ಯಾನು ಹಿಡಿದು ಬಂದೇ ಬರುತ್ತಾರೆ. ಕೈಗೊಂದು ಹಾಳೆ ಕೊಟ್ಟರಾಯಿತು. ಆದರೆ ಹಸು ಇಲ್ಲದ ಮನೆಗಳಿವೆ. ಕೂಲಿಗೆ ಹೋಗುವವರು, ಕಾಲೋನಿಯವರು, ಬಾಡಿಗೆಗೆ ಬಂದವರು ಡೈರಿಗೆ ಬರುವುದಿಲ್ಲ. ಹಾಳೆ ಮೊದಲು ಮುಟ್ಟಬೇಕಾದ್ದು ಅವರಿಗೆ. ಹಾಲು ಹಾಕುವವರಿಗೆ ಮಾತ್ರ ಕೊಟ್ಟರೆ ಅದು ಸಂಘದ ಸುತ್ತೋಲೆಯಾದೀತು, ಊರಿನ ಪತ್ರಿಕೆಯಾಗುವುದಿಲ್ಲ.

ಅದರಲ್ಲಿ ಏನು ಬರೆಯಬೇಕು? ಮೊದಲನೆಯದು ಸಂಘದ ಲೆಕ್ಕ. ಹೋದ ತಿಂಗಳು ಎಷ್ಟು ಲೀಟರ್ ಹಾಲು ಬಂತು, ಒಕ್ಕೂಟದಿಂದ ಎಷ್ಟು ಹಣ ಬಂತು, ಸದಸ್ಯರಿಗೆ ಎಷ್ಟು ಹೋಯಿತು, ಖರ್ಚು ಯಾವುದಕ್ಕೆ ಎಷ್ಟು. 'ನನ್ನ ಹಾಲಿಗೆ ಡಿಗ್ರಿ ಬರಲಿಲ್ಲ ಅಂತಾರೆ, ಅವರ ಹಾಲಿಗೆ ಹೆಂಗೆ ಬಂತು?' ಅಂತ ಗೊಣಗುವವರು ಎಲ್ಲ ಊರಿನಲ್ಲೂ ಇದ್ದಾರೆ. ಅಂಥವರ ಪ್ರಶ್ನೆಯನ್ನೂ ಅಚ್ಚು ಹಾಕಬೇಕು, ಕಾರ್ಯದರ್ಶಿಗಳ ಉತ್ತರವನ್ನೂ ಅದರ ಕೆಳಗೇ ಹಾಕಬೇಕು. ಲೆಕ್ಕ ಬಯಲಲ್ಲಿದ್ದರೆ ಗುಸುಗುಸುವಿಗೆ ಜಾಗ ಇರುವುದಿಲ್ಲ. ಆಡಳಿತ ಮಂಡಳಿಯವರಿಗೆ ಇದು ಸ್ವಲ್ಪ ಕಷ್ಟ ಅನ್ನಿಸಬಹುದು, ಆದರೆ ಇದಿಲ್ಲದೆ ಹಾಳೆಯ ಉಳಿದ ಮಾತನ್ನು ಯಾರೂ ನಂಬುವುದಿಲ್ಲ.

ಎರಡನೆಯದು ಬೇಸಾಯದ ಸುದ್ದಿ: ಯಾವ ಬೀದಿಗೆ ಚಾಕಿ ಹುಳು ಯಾವಾಗ ಬರುತ್ತದೆ, ತೋಟದವರು ಔಷಧಿ ಹೊಡೆಯುವುದು ಯಾವ ವಾರ, ಕಾಲುಬಾಯಿ ಜ್ವರದ ಲಸಿಕೆ ಎಂದು, ಮುಯ್ಯಾಳು ಬೇಕಾದವರು ಯಾರು, ಕರು ಮಾರುವವರು ಯಾರು. ರೋಗದ ಸುದ್ದಿ ಬರೆಯುವಾಗ ಮನೆಯ ಹೆಸರು ಬೇಡ. 'ಮೇಗಲ ಬೀದಿ ಕಡೆ ಸುಣ್ಣಕಟ್ಟು ಕಾಣಿಸಿದೆ, ಸತ್ತ ಹುಳುವನ್ನು ಸುಟ್ಟುಹಾಕಿ, ಮನೆಗೆ ಬ್ಲೀಚಿಂಗ್ ಪುಡಿಯ ದ್ರಾವಣ ಹೊಡೆಯಿರಿ' ಅಂತ ಬರೆದರೆ ಸಾಕು. ಮರ್ಯಾದೆ ಉಳಿದರೆ ಜನ ತಾವಾಗಿಯೇ ಬಂದು ಹೇಳುತ್ತಾರೆ.

ಮೂರನೆಯದು ಮನೆಮನೆಯ ಸುದ್ದಿ. ಹುಟ್ಟು, ಸಾವು, ಮದುವೆ, ಪರೀಕ್ಷೆ ಪಾಸಾದ ಮಕ್ಕಳು, ಆಸ್ಪತ್ರೆ ಸೇರಿದ ಹಿರಿಯರು, ಊರಿಗೆ ಹೊಸದಾಗಿ ಬಂದ ಸಂಸಾರ, ಎಲ್ಲವನ್ನೂ ಮನೆಯವರ ಒಪ್ಪಿಗೆ ಪಡೆದು ಬರೆಯಬೇಕು. ಎಲ್ಲ ಕೇರಿಯವರ ಹೆಸರೂ ವರ್ಷದಲ್ಲಿ ಒಂದು ಸಲವಾದರೂ ಬರಬೇಕು. ನಮ್ಮ ಮನೆಯ ಹೆಸರೂ ಇದರಲ್ಲಿದೆ ಅಂತ ಕಂಡ ದಿನ ಆ ಮನೆಯವರು ಈ ಊರು ನಮ್ಮದು ಅಂತಾರೆ. ಮೂಲೆಯಲ್ಲಿ ಸ್ವಲ್ಪ ಜಾಗ ಹಿರಿಯರಿಗೆ ಇರಲಿ. ಯಾವ ಹೊಲಕ್ಕೆ ಯಾಕೆ ಆ ಹೆಸರು ಬಂತು, ಕೆರೆಯ ನೀರು ಯಾವ ತೂಬಿನಿಂದ ಯಾರ ಗದ್ದೆಗೆ ಹೋಗುತ್ತಿತ್ತು ಎಂಬುದು ಅವರ ತಲೆಯಲ್ಲಿ ಮಾತ್ರ ಇದೆ. ಬೇಲಿ ಬಿದ್ದ ಮೇಲೆ ಆ ಹೆಸರುಗಳೂ ಹೋಗುತ್ತವೆ.

ಬರೆಯಬಾರದ್ದು ಏನು ಎಂಬುದನ್ನೂ ಮೊದಲೇ ತೀರ್ಮಾನಿಸಬೇಕು. ಜಾತಿ, ಪಕ್ಷ, ಕೋರ್ಟು ಕಛೇರಿ, ಯಾರ ಮನೆಯ ಸಾಲ ಎಷ್ಟು, ಇವು ಬೇಡವೇ ಬೇಡ. ಚುನಾವಣೆಗೆ ನಿಲ್ಲುವವರ ದುಡ್ಡು ಬೇಡ. ತಪ್ಪು ಅಚ್ಚಾದರೆ ಮುಂದಿನ ಸಂಚಿಕೆಯಲ್ಲಿ ಅದೇ ಜಾಗದಲ್ಲಿ ತಿದ್ದುಪಡಿ ಹಾಕಬೇಕು.

ಫೋನು ಇರುವಾಗ ಹಾಳೆ ಯಾಕೆ ಅಂತ ಯುವಕರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಕನಕಪುರ, ಚನ್ನಪಟ್ಟಣದ ಕಾಡಂಚಿನ ಊರುಗಳಲ್ಲಿ ಆನೆ ಹೊಲಕ್ಕೆ ಇಳಿದರೆ ಹಾಳೆ ಅಚ್ಚು ಹಾಕಿಸುತ್ತಾ ಕೂರಲಾಗುವುದಿಲ್ಲ, ಅದಕ್ಕೆ ಫೋನೇ ಸರಿ. ಆ ದಿನದ ದರಕ್ಕೆ ಡೈರಿಯ ಕರಿಹಲಗೆ ಇದೆ. ತಿಂಗಳುಗಟ್ಟಲೆ ನೆನಪಿರಬೇಕಾದ್ದು, ಎಲ್ಲರೂ ಒಂದೇ ರೀತಿ ತಿಳಿಯಬೇಕಾದ್ದು ಹಾಳೆಗೆ. ಫೋನಿನ ಸುದ್ದಿ ಸಂಜೆಗೆ ನೂರು ಸಂದೇಶಗಳ ಕೆಳಗೆ ಹೂತುಹೋಗುತ್ತದೆ. ಹಾಳೆಯಾದರೆ ಗೋಡೆಯ ಮೊಳೆಗೆ ಸಿಕ್ಕಿಸಿ ಇಡಬಹುದು. ಅಜ್ಜಿಗೆ ಮೊಮ್ಮಗಳು ಓದಿ ಹೇಳಬಹುದು. ಓದು ಬಾರದವರಿಗಾಗಿ ಹಾಳೆ ಬಂದ ದಿನ ಶಾಲೆಯ ಮಗುವೊಂದು ಡೈರಿಯ ಮುಂದೆ ನಿಂತು ಜೋರಾಗಿ ಓದಲಿ.

ಖರ್ಚಿನ ಮಾತು. ಒಂದು ಹಾಳೆ, ಎರಡು ಮಗ್ಗಲು, ಪ್ರತಿಗೆ 2 ರೂಪಾಯಿ ಅಂತ ಹಿಡಿಯೋಣ. 250 ಮನೆ ಇರುವ ಊರಿಗೆ ತಿಂಗಳಿಗೆ 500 ರೂಪಾಯಿ, ವರ್ಷಕ್ಕೆ 6,000. ಸಂಘಕ್ಕೆ ಇದು ಭಾರವಲ್ಲ. ವಾರ್ಷಿಕ ಮಹಾಸಭೆಯಲ್ಲಿ ಒಪ್ಪಿಗೆ ಪಡೆದೇ ಖರ್ಚು ಹಾಕಬೇಕು. ಪತ್ರಿಕೆಗಳ ನೋಂದಣಿಗೆ ಇದ್ದ 1867ರ ಕಾಯಿದೆ ಹೋಗಿ 2023ರ ಹೊಸ ಕಾಯಿದೆ 2024ರ ಮಾರ್ಚ್ 1ರಿಂದ ಜಾರಿಗೆ ಬಂದಿದೆ. ನಮ್ಮ ಹಾಳೆಗೆ ಯಾವ ನಿಯಮ ಅನ್ವಯಿಸುತ್ತದೆ ಅಂತ ಮೊದಲೇ ಕೇಳಿ ತಿಳಿದು, ಅದರಂತೆ ನಡೆಯುವುದು ಒಳ್ಳೆಯದು.

ನಡೆಸುವವರು ಯಾರು? ಐದು ಜನರ ಸಮಿತಿ ಸಾಕು. ಬೇರೆ ಬೇರೆ ಕೇರಿಯವರು ಇರಲಿ, ಇಬ್ಬರಾದರೂ ಹೆಣ್ಣುಮಕ್ಕಳು ಇರಲಿ, ಒಬ್ಬರು ಕಾಲೇಜು ವಿದ್ಯಾರ್ಥಿ ಇರಲಿ, ವರ್ಷಕ್ಕೊಮ್ಮೆ ಇಬ್ಬರು ಬದಲಾಗಲಿ. ನಮ್ಮಲ್ಲಿ ಆರಂಭಶೂರತ್ವ ಜಾಸ್ತಿ ಎಂಬ ಮಾತಿದೆ. ಅದಕ್ಕೇ ಎಂಟು ಪುಟದ ಬಣ್ಣದ ಪತ್ರಿಕೆ ಬೇಡ. ಒಂದೇ ಹಾಳೆ, ಆದರೆ ಹನ್ನೆರಡು ತಿಂಗಳೂ ತಪ್ಪದೆ ಬರಲಿ.

ಬಂಧುಗಳೇ, ಇಪ್ಪತ್ತೈದು ವರ್ಷದ ಹಿಂದೆ ನಮ್ಮ ಹಿರಿಯರು ಮನೆಮನೆಯ ಒಂದೊಂದು ಲೀಟರ್ ಹಾಲನ್ನು ಒಂದೇ ಕ್ಯಾನಿಗೆ ಸುರಿಯಲು ಒಪ್ಪಿದರು. ಆವತ್ತು ಅದು ಸುಲಭವಾಗಿರಲಿಲ್ಲ. ಯಾರ ಹಾಲು ಯಾರ ಹಾಲಿನ ಜೊತೆ ಸೇರಬೇಕು ಎಂಬ ಮಾತೂ ಬಂದಿತ್ತು. ಅದನ್ನು ದಾಟಿದ್ದರಿಂದಲೇ ಇವತ್ತು ಈ ಸಭೆ ಸೇರಿದೆ. ಸುದ್ದಿಯನ್ನೂ ಹಾಗೆಯೇ ಒಂದು ಕಡೆ ಸೇರಿಸೋಣ. ಮುಂದಿನ ಮಹಾಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯವನ್ನು ಇಡಬೇಕೆಂದು ಆಡಳಿತ ಮಂಡಳಿಯನ್ನು ವಿನಂತಿಸುತ್ತೇವೆ. ಹಾಳೆಗೆ ಏನು ಹೆಸರಿಡಬೇಕೆಂದು ಶಾಲೆಯ ಮಕ್ಕಳನ್ನೇ ಕೇಳೋಣ. ಮೊದಲ ಸಂಚಿಕೆಗೆ ಮೊದಲ ಸುದ್ದಿಯಾಗಿ ಈ ವರ್ಷದ ಸಂಘದ ಲೆಕ್ಕವೇ ಬರಲಿ.