ಮೂರು ಸೀಟು, ನಾಲ್ಕು ಜನ



ಮಾತಾಡಲು ಕರೆದಾಗ "ಕಂಪ್ಯೂಟರ್ ಬಗ್ಗೆ ಏನಾದರೂ ಹೇಳಿ" ಎಂದಿದ್ದರು. ನಾನು "ಭಾಗಾಕಾರದ ಬಗ್ಗೆ ಹೇಳ್ತೀನಿ" ಎಂದೆ. ಫೋನಿನ ಆ ಕಡೆ ಸ್ವಲ್ಪ ಹೊತ್ತು ಮಾತೇ ಇರಲಿಲ್ಲ! ಇದಕ್ಕೆಲ್ಲ ಕಾರಣ ನನ್ನ ಮಗಳು.

ಅವಳು ಆರನೇ ಕ್ಲಾಸು. ಒಂದು ರಾತ್ರಿ ಹೋಂವರ್ಕಿನಲ್ಲಿ 3 ÷ ½ = 6 ಎಂದು ಬರೆದವಳು ಪೆನ್ಸಿಲ್ ಕೆಳಗಿಟ್ಟಳು. "ಅಮ್ಮಾ, ಭಾಗ ಮಾಡಿದ್ರೆ ಕಡಿಮೆ ಆಗ್ಬೇಕಲ್ವಾ? ಜಾಸ್ತಿ ಹೇಗಾಯ್ತು?" ಲ್ಯಾಪ್‌ಟಾಪಿನಿಂದ ತಲೆ ಎತ್ತದೆ, "ಅದು ರೂಲ್ ಪುಟ್ಟಾ, ಉಲ್ಟಾ ಮಾಡಿ ಗುಣಿಸಬೇಕು" ಎಂದೆ. "ಯಾಕೆ?" ಎಂದಳು. ಎಂ.ಟೆಕ್ ಓದಿದ್ದೇನೆ, ಐರೋಲಿಯಲ್ಲಿ ವರ್ಷಗಟ್ಟಲೆ ಕೋಡ್ ಬರೆಯುತ್ತಿದ್ದೇನೆ. ಆ 'ಯಾಕೆ'ಗೆ ನನ್ನಲ್ಲಿ ಉತ್ತರವಿರಲಿಲ್ಲ. "ನಿಂಗೂ ಗೊತ್ತಿಲ್ಲ ಅಲ್ವಾ? ಹಾಗಾದ್ರೆ ನಂಗೂ ಬರಲ್ಲ" ಎಂದು ಪುಸ್ತಕ ಮುಚ್ಚಿ ಮಲಗಿದಳು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಧಾರವಾಡದ ನಮ್ಮ ಅತ್ತೆ ಇದನ್ನೆಲ್ಲ ಕೇಳಿಸಿಕೊಂಡಿದ್ದರು. ಮರುದಿನ ಉಪ್ಪಿಟ್ಟಿಗೆ ರವೆ ತೆಗೆಯುವಾಗ ಮೊಮ್ಮಗಳನ್ನು ಕರೆದರು. "ಪುಟ್ಟಿ, ಇಲ್ಲಿ ಮೂರು ವಾಟಿ ರವಾ ಅದ. ಈ ಅರ್ಧ ವಾಟೀಲೆ ಅಳದು ಹಾಕು. ಎಷ್ಟು ಸಲ ಆಗ್ತದ ನೋಡು." ಅವಳು ಅಳೆದಳು. "ಆರು ಸಲ, ಅಜ್ಜಿ!" "ಆತಲ್ಲಾ, ಅದ ನಿನ್ನ ಲೆಕ್ಕ."

ಅಷ್ಟೇ ವಿಷಯ. ಭಾಗಾಕಾರಕ್ಕೆ ಎರಡು ಅರ್ಥಗಳಿವೆ. ಒಂದು ಹಂಚುವುದು, ಇನ್ನೊಂದು ಅಳೆಯುವುದು. ಆರು ಲಾಡು ಮೂವರಿಗೆ ಕೊಟ್ಟರೆ ತಲೆಗೆ ಎರಡು, ಇದು ಹಂಚಿಕೆ. ಮೂರು ವಾಟಿಯಲ್ಲಿ ಅರ್ಧ ವಾಟಿ ಎಷ್ಟು ಸಲ ಸಿಗುತ್ತದೆ ಎನ್ನುವುದು ಅಳತೆ. ಅಳೆಯುವ ಪಾತ್ರೆ ಚಿಕ್ಕದಾದಷ್ಟೂ ಹೆಚ್ಚು ಸಲ ಅಳೆಯಬೇಕು. ನಾವು ಮಕ್ಕಳಿಗೆ ಹಂಚುವುದನ್ನು ಮಾತ್ರ ಹೇಳಿ, ಅಳೆಯುವುದನ್ನು ಮರೆಯುತ್ತೇವೆ.

ಇನ್ನು ಉಲ್ಟಾ ಮಾಡುವುದು ಯಾಕೆ? ಇದರ ಉತ್ತರ ನನಗೆ ಸಿಕ್ಕಿದ್ದು ಡೊಂಬಿವ್ಲಿ ಲೋಕಲ್‌ನ ಲೇಡೀಸ್ ಡಬ್ಬಿಯಲ್ಲಿ. ಮೂವರು ಕೂರುವ ಬೆಂಚು, "ಥೋಡಂ ಸರಕಾ" ಎಂದು ನಾಲ್ಕನೆಯವಳು. ಫೋರ್ತ್ ಸೀಟ್ ಗೊತ್ತಿಲ್ಲದವರು ಇಲ್ಲಿ ಯಾರೂ ಇರಲಿಕ್ಕಿಲ್ಲ! ಎಲ್ಲರೂ ನ್ಯಾಯವಾಗಿ ಸರಿದರೆ ಮೂರು ಸೀಟನ್ನು ನಾಲ್ವರಿಗೆ ಹಂಚಿದಂತೆ: ಒಬ್ಬೊಬ್ಬಳಿಗೆ ಮುಕ್ಕಾಲು ಸೀಟು. ಈಗ ಹಿಂದಿನಿಂದ ಕೇಳೋಣ. ಒಬ್ಬಳಿಗೆ ಮುಕ್ಕಾಲು ಸೀಟು ಸಾಕಾದರೆ ಮೂರು ಸೀಟಿನಲ್ಲಿ ಎಷ್ಟು ಜನ? ಒಂದು ಸೀಟಿನಲ್ಲಿ ನಾಲ್ಕು ಕಾಲುಭಾಗ, ಮೂರು ಸೀಟಿನಲ್ಲಿ ಹನ್ನೆರಡು. ಒಬ್ಬಳಿಗೆ ಮೂರು ಕಾಲುಭಾಗ ಬೇಕು. ಹನ್ನೆರಡನ್ನು ಮೂರರಿಂದ ಭಾಗಿಸಿ: ನಾಲ್ಕು ಜನ. ಏನು ಮಾಡಿದೆವು? ನಾಲ್ಕರಿಂದ ಗುಣಿಸಿ ಮೂರರಿಂದ ಭಾಗಿಸಿದೆವು. ¾ ಉಲ್ಟಾ ಆಗಿ 4/3 ಆಯಿತು. ರೂಲಿನೊಳಗೆ ಇದ್ದದ್ದು ಇಷ್ಟೇ.

ಈ ಊರಿನ ನಮ್ಮ ಮಕ್ಕಳಿಗೆ ಇನ್ನೊಂದು ಭಾಗ್ಯವಿದೆ. ನಾವು 'ಒಂದೂಮುಕ್ಕಾಲು' ಎನ್ನುತ್ತೇವೆ, ಒಂದಕ್ಕೆ ಮುಕ್ಕಾಲು ಕೂಡಿಸಿ. ಪಕ್ಕದ ಮನೆಯ ಕಾಕು 'ಪಾವಣೇ ದೋನ್' ಎನ್ನುತ್ತಾರೆ, ಎರಡರಲ್ಲಿ ಕಾಲು ಕಳೆದು. ಹಳೆಯ ಮರಾಠಿ ಶಾಲೆಗಳಲ್ಲಿ ಪಾವಕಿ, ನಿಮಕಿ, ಪಾವುಣಕಿ ಎಂದು ಕಾಲು, ಅರ್ಧ, ಮುಕ್ಕಾಲರ ಮಗ್ಗಿಗಳನ್ನೇ ಬಾಯಿಪಾಠ ಮಾಡಿಸುತ್ತಿದ್ದರು. ನಮ್ಮ ಅಜ್ಜಿಯರು ಸೇರು, ಅಚ್ಚೇರು, ಪಾವು, ಚಟಾಕು ಎಂದು ಅಳೆದರು; ಚಟಾಕು ಎಂದರೆ ಸೇರಿನ 1/16. 1957ರಲ್ಲಿ ನಯಾ ಪೈಸೆ ಬರುವವರೆಗೆ ರೂಪಾಯಿಗೂ 16 ಆಣೆ. ಭಿನ್ನರಾಶಿ ಅವರಿಗೆ ದಿನದ ಮಾತಾಗಿತ್ತು.

ಕನ್ನಡನಾಡಿಗಂತೂ ಇದು ಬಹಳ ಹಳೆಯ ನಂಟು. ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯರು ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ' ಬರೆದರು. ಭಿನ್ನರಾಶಿಗೆ ಒಂದು ಅಧ್ಯಾಯವೇ ಇದೆ. ಭಾಜಕದ ಅಂಶ-ಛೇದ ಅದಲು ಬದಲು ಮಾಡಿ ಗುಣಿಸಬೇಕೆಂಬ ನಿಯಮವೂ ಅಲ್ಲಿದೆ. ಅದೇ ಗ್ರಂಥದಲ್ಲಿ, ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗದು ಎಂದು ಹೇಳಿ ಅವರು ಎಡವಿದ್ದೂ ಉಂಟು. ಏನೂ ಹಿಡಿಯದ ವಾಟಿಯಲ್ಲಿ ಮೂರು ವಾಟಿ ರವೆ ಅಳೆದರೆ ಎಂದಾದರೂ ಮುಗಿದೀತೇ? ಅದಕ್ಕೇ ನಮ್ಮ ಪ್ರೋಗ್ರಾಮ್ ಅಲ್ಲಿ ಎರರ್ ತೋರಿಸುತ್ತದೆ. ಅಷ್ಟು ದೊಡ್ಡವರೇ ಎಡವಿದ ಜಾಗದಲ್ಲಿ ಹನ್ನೊಂದು ವರ್ಷದ ಹುಡುಗಿ ನಿಂತು 'ಯಾಕೆ' ಎಂದರೆ ತಪ್ಪೇನು? ಈ ಗ್ರಂಥವನ್ನು 2000ದಲ್ಲಿ ಕನ್ನಡಾನುವಾದದೊಂದಿಗೆ ಹೊರತಂದವರು ಒಬ್ಬ ಮಹಿಳೆ, ಗಣಿತ ಪ್ರಾಧ್ಯಾಪಕಿ ಪದ್ಮಾವತಮ್ಮ. ಈ ಹೆಸರು ನಮ್ಮ ಹೆಣ್ಣುಮಕ್ಕಳಿಗೆ ಗೊತ್ತಿರಲಿ.

ಕೊನೆಯದಾಗಿ ಒಂದು ಮಾತು. ಅಂದು ಉಪ್ಪಿಟ್ಟು ತಿನ್ನುತ್ತಾ, "ಅತ್ತೆ, ನನಗೆ ಬಾರದ್ದನ್ನು ನೀವು ಹೇಳಿಕೊಟ್ರಿ" ಎಂದೆ. "ಅಯ್ಯ, ನನಗೆಲ್ಲಿ ಲೆಕ್ಕ ಬರ್ತದವಾ, ನಾ ಏಳನೇತ್ತ ಓದಿದಾಕಿ" ಎಂದುಬಿಟ್ಟರು. ಮಗಳು ಪಕ್ಕದಲ್ಲೇ ಕೂತು ಕೇಳುತ್ತಿದ್ದಳು. ನಾವೆಲ್ಲ ಹೀಗೇ ಹೇಳುತ್ತೇವೆ. ಐವತ್ತು ಜನರ ಅಡುಗೆಗೆ ಅಳತೆ ತಪ್ಪುವುದಿಲ್ಲ, ಭಿಶಿ ಚೀಟಿಯ ಲೆಕ್ಕ ಬಾಯಲ್ಲೇ ಇರುತ್ತದೆ, ಆದರೂ 'ನನಗೆ ಲೆಕ್ಕ ಬರೋಲ್ಲ' ಎನ್ನುತ್ತೇವೆ. ಕೇಳಿಸಿಕೊಂಡ ಹೆಣ್ಣುಮಗು ಅದನ್ನೇ ಕಲಿಯುತ್ತದೆ. ಉತ್ತರ ಗೊತ್ತಿಲ್ಲದಿದ್ದರೆ 'ಬಾ, ಇಬ್ಬರೂ ನೋಡೋಣ' ಎನ್ನೋಣ. ವಾಟಿ ಅಂತೂ ಮನೆಯಲ್ಲಿ ಇದ್ದೇ ಇದೆ.

ಮೊನ್ನೆ ಮಗಳು ನನ್ನ ಜೊತೆ ಲೋಕಲ್‌ನಲ್ಲಿದ್ದಳು. ನಾಲ್ಕನೆಯವರಾಗಿ ಒಬ್ಬ ಆಜಿ ಬಂದರು. ಇವಳು ಸರಿದು ಜಾಗ ಕೊಟ್ಟು, ನನ್ನ ಕಿವಿಯಲ್ಲಿ, "ಅಮ್ಮಾ, ಮುಕ್ಕಾಲು" ಎಂದಳು.