ಎರಡು ಚುಕ್ಕಿಗಳ ಅಕ್ಷರ



ರಷ್ಯನ್ ವರ್ಣಮಾಲೆಯಲ್ಲಿ ‘ಯೋ’ ಎಂಬ ಅಕ್ಷರವೊಂದಿದೆ. ಬಾನುಲಿಯಲ್ಲಿ ಅದನ್ನು ಬರೆದು ತೋರಿಸುವಂತಿಲ್ಲ. ಇಂಗ್ಲಿಷಿನ ದೊಡ್ಡ ‘ಇ’ಯನ್ನು ನೆನೆದು ಅದರ ನೆತ್ತಿಯ ಮೇಲೆ ಅಕ್ಕಪಕ್ಕ ಎರಡು ಚುಕ್ಕಿಗಳನ್ನಿಡಿ, ಅದೇ ಇದು. ಚುಕ್ಕಿ ಅಳಿಸಿದರೆ ‘ಯೆ’ ಆಗುತ್ತದೆ. ‘ವ್ಸ್ಯೆ’ ಎಂದರೆ ಎಲ್ಲರೂ, ‘ವ್ಸ್ಯೋ’ ಎಂದರೆ ಎಲ್ಲವೂ. ಅಚ್ಚಿನಲ್ಲಿ ಚುಕ್ಕಿಗಳನ್ನು ಬಿಟ್ಟುಬಿಡುವುದು ರಷ್ಯನ್ನರ ವಾಡಿಕೆ. ಸಂದರ್ಭದಿಂದ ಓದುಗ ತಿಳಿದುಕೊಳ್ಳುತ್ತಾನೆ. ಹೊರಗಿನವನಿಗೆ ಆ ಅನುಕೂಲವಿಲ್ಲ. ನಾವೆಲ್ಲ ‘ಕ್ರುಶ್ಚೇವ್’ ಎಂದು ಓದಿ ಬೆಳೆದೆವಲ್ಲ, ಆತ ತನ್ನ ನಾಡಿನಲ್ಲಿ ‘ಖ್ರುಶ್ಚೋಫ್’.

೧೭೮೩ರಲ್ಲಿ ರಷ್ಯನ್ ಅಕಾಡೆಮಿಯ ಸಭೆಯೊಂದರಲ್ಲಿ ಯೆಕತೆರೀನಾ ದಾಷ್ಕೋವಾ ಈ ಅಕ್ಷರವನ್ನು ಸೂಚಿಸಿದಳೆಂದು ಪ್ರತೀತಿ. ಅದುವರೆಗೆ ಈ ಉಲಿಯನ್ನು ಎರಡು ಅಕ್ಷರಗಳನ್ನು ಕೂಡಿಸಿ ಬರೆಯುತ್ತಿದ್ದರು. ಒಂದು ಉಲಿಗೆ ಎರಡು ಅಕ್ಷರವೇಕೆ ಎಂಬುದು ಆಕೆಯ ಪ್ರಶ್ನೆ. ಇನ್ನೂರು ವರ್ಷಗಳ ತರುವಾಯ ಗಣಕಯಂತ್ರ ಬಂದು ಅದನ್ನು ಮತ್ತೆ ಎರಡಾಗಿ ಒಡೆಯಿತು.

ಯಂತ್ರಕ್ಕೆ ಅಕ್ಷರ ತಿಳಿಯದು, ಅಂಕಿ ತಿಳಿಯುತ್ತದೆ. ಮೊದಲು ಇನ್ನೂರ ಐವತ್ತಾರು ಮನೆಗಳ ಪಟ್ಟಿಗಳಿದ್ದವು. ಒಂದೊಂದು ಪಟ್ಟಿಯಲ್ಲಿ ಒಂದೊಂದು ಲೆಕ್ಕ. ಸಣ್ಣ ‘ಯೋ’ಗೆ ಕೋಯ್-೮ ಎಂಬ ಪಟ್ಟಿಯಲ್ಲಿ ೧೬೩, ವಿಂಡೋಸ್ ಪಟ್ಟಿಯಲ್ಲಿ ೧೮೪, ಅಂತರರಾಷ್ಟ್ರೀಯ ಮಾನಕದಲ್ಲಿ ೨೪೧. ಒಂದರಲ್ಲಿ ಬರೆದ ಪತ್ರವನ್ನು ಇನ್ನೊಂದರಲ್ಲಿ ತೆರೆದರೆ ಅರ್ಥವಿಲ್ಲದ ಗೀಚು. ಅದಕ್ಕೆ ರಷ್ಯನ್ನರು ‘ಕ್ರಕೋಜ್ಯಾಬ್ರಿ’ ಎಂದು ಹೆಸರನ್ನೇ ಇಟ್ಟಿದ್ದಾರೆ.

೧೯೯೧ರಲ್ಲಿ ಯೂನಿಕೋಡ್ ಪ್ರಕಟವಾಯಿತು. ಜಗತ್ತಿನ ಪ್ರತಿಯೊಂದು ಅಕ್ಷರಕ್ಕೂ ಒಂದೇ ಅಂಕಿ ಎಂಬುದು ಅದರ ಸಂಕಲ್ಪ. ರಷ್ಯನ್ನಿನ ಸಣ್ಣಕ್ಷರಗಳು ೧೦೭೨ರಿಂದ ೧೧೦೩ರವರೆಗೆ ಸಾಲಾಗಿ ಕುಳಿತಿವೆ, ಮೂವತ್ತೆರಡು. ನಮ್ಮ ‘ಯೋ’ ಮಾತ್ರ ಪಂಕ್ತಿಯಿಂದಾಚೆ, ೧೧೦೫ರಲ್ಲಿ. ವರ್ಣಮಾಲೆಯಲ್ಲಿ ಅದರ ಸ್ಥಾನ ಏಳನೆಯದು. ಬರಿಯ ಅಂಕಿಯನ್ನು ನೋಡಿ ಪದಗಳನ್ನು ಜೋಡಿಸಿದರೆ, ಹೊಸವರ್ಷದ ಮರವಾದ ‘ಯೋಲ್ಕಾ’ ನಿಘಂಟಿನ ಕಟ್ಟಕಡೆಗೆ ಬಂದು ಬೀಳುತ್ತದೆ.

ನಿಜವಾದ ತೊಡಕು ಇನ್ನೂ ಒಳಗಿದೆ. ‘ಯೋ’ವನ್ನು ೧೧೦೫ ಎಂದು ಒಂದೇ ಅಂಕಿಯಲ್ಲಿ ಬರೆಯಬಹುದು; ‘ಯೆ’ಯ ೧೦೭೭ರ ಬೆನ್ನಿಗೆ ಚುಕ್ಕಿಗಳ ೭೭೬ನ್ನು ಹಚ್ಚಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಕನ್ನಡಿಗರಿಗೆ ಇದು ಹೊಸತೇನಲ್ಲ. ನಮ್ಮ ‘ಕೊ’ದಲ್ಲಿರುವ ಒತ್ವಕ್ಕೆ ೩೨೭೪ ಎಂಬ ಸ್ವಂತ ಅಂಕಿಯುಂಟು, ಎತ್ವದ ೩೨೭೦, ಊಕಾರ ಚಿಹ್ನೆಯ ೩೨೬೬ ಕೂಡಿದರೂ ಅದೇ ಒತ್ವ. ಈ ಎರಡು ಬಗೆಗಳೂ ಸಮಾನವೆಂದು ಯೂನಿಕೋಡ್ ವಿಧಿಸಿದೆ. ಹೋಲಿಸುವ ಮುನ್ನ ಎರಡನ್ನೂ ಒಂದೇ ರೂಪಕ್ಕೆ ತಂದುಕೊಳ್ಳಬೇಕು. ಅಷ್ಟು ವ್ಯವಧಾನವಿಲ್ಲದ ಯಂತ್ರ, ಎದುರಿಗೇ ಇರುವ ಹೆಸರನ್ನು ಹುಡುಕಿ ‘ಇಲ್ಲ’ ಎನ್ನುತ್ತದೆ.

ಹೆಸರಿನ ಮಾತು ಹಗುರವಲ್ಲ. ಒಂದು ದಾಖಲೆಯಲ್ಲಿ ಚುಕ್ಕಿಯಿದ್ದು ಇನ್ನೊಂದರಲ್ಲಿ ಇಲ್ಲದೆ, ಇಬ್ಬರೂ ತಾನೊಬ್ಬನೇ ಎಂದು ಸಾಧಿಸಲು ನ್ಯಾಯಾಲಯದ ಮೆಟ್ಟಿಲೇರಿದವರು ರಷ್ಯದಲ್ಲಿದ್ದಾರೆ. ಅದು ಮನುಷ್ಯರ ಉದಾಸೀನದ ಫಲ. ಯಂತ್ರವಾದರೋ ಚುಕ್ಕಿಯಿದ್ದ ಹೆಸರುಗಳಲ್ಲಿಯೇ ಎರಡು ಜಾತಿ ಮಾಡಿತು.

ಸ್ವರಾಘಾತದ ಗೆರೆಯ ಪಾಡು ಬೇರೆ. ‘ಜಾಮೊಕ್’ ಎಂದು ಮೊದಲ ಸ್ವರವನ್ನು ಒತ್ತಿದರೆ ಕೋಟೆಯರಮನೆ, ಎರಡನೆಯದನ್ನು ಒತ್ತಿದರೆ ಬೀಗ. ಪಠ್ಯಪುಸ್ತಕಗಳು ಒತ್ತುವ ಸ್ವರದ ಮೇಲೆ ಓರೆಗೆರೆ ಹಾಕುತ್ತವೆ. ಹಾಗೆ ಗೆರೆ ಹೊತ್ತ ‘ಅ’ಕಾರಕ್ಕೆ ಒಂಟಿ ಅಂಕಿಯೇ ಇಲ್ಲ, ೧೦೭೨, ಆಮೇಲೆ ೭೬೯, ಯಾವಾಗಲೂ ಎರಡು. ಬಲ್ಗೇರಿಯನ್ನಿನಲ್ಲಿ ಒಂಟಿ ‘ಇ’ ಎಂದರೆ ‘ಮತ್ತು’. ಅದರ ಮೇಲೆ ಇನ್ನೊಂದು ದಿಕ್ಕಿಗೆ ವಾಲಿದ ಗೆರೆಯಿದ್ದರೆ ‘ಅವಳಿಗೆ’ ಅಥವಾ ‘ಅವಳ’. ಈ ಅಕ್ಷರಕ್ಕೆ ೧೧೧೭ ಎಂಬ ಸ್ವಂತ ಅಂಕಿ ದೊರೆತದ್ದು ೧೯೯೯ರಲ್ಲಿ. ಹಳೆಯ ವಿಂಡೋಸ್ ಪಟ್ಟಿಯಲ್ಲಿ ಅದಕ್ಕೆ ಮನೆಯೇ ಇರಲಿಲ್ಲ. ಜನ ಗೆರೆಯಿಲ್ಲದ ‘ಇ’ಯನ್ನೋ, ‘ಯ್’ ಎಂದು ಉಲಿಯುವ ಪಕ್ಕದ ಅಕ್ಷರವನ್ನೋ ಹಾಕಿ ಕೆಲಸ ಸಾಗಿಸುತ್ತಿದ್ದರು.